ನಡೆಯುವವರಿಗೆ ರಾಜಧಾನಿಯಲ್ಲಿ ಜಾಗವೆಷ್ಟು?

ಗಿರಣಿಗೆ ರಜೆ ಸಿಕ್ಕಾಗಲೋ ಅಂಗಡಿಗೆ ಬಾಗಿಲು ಹಾಕಿದ ದಿನವೋ, ಗಂಡ ಹೆಂಡತಿ ಇಬ್ಬರೂ ಬೆಂಗಳೂರು ನೋಡಿಬರೋಣವೆಂದು ಹೊರಡುವುದು ನಮ್ಮ ಕಡೆ ಹೊಸದೇನಲ್ಲ. ರಾತ್ರಿ ಬಸ್ಸು ಹತ್ತುತ್ತಾರೆ. ಬೆಳಗಾಗುವಾಗ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರೆ. ಹಗಲೆಲ್ಲ ಸುತ್ತಿ ಮತ್ತೆ ರಾತ್ರಿ ಬಸ್ಸಿಗೇ ಮರಳುತ್ತಾರೆ. ಲಾಡ್ಜಿನ ಖರ್ಚಿಲ್ಲ. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲವಾದ್ದರಿಂದ ಗಂಡನೊಬ್ಬನ ಚಾರ್ಜಿನಲ್ಲಿ ಇಬ್ಬರ ಪ್ರಯಾಣವೂ ಮುಗಿಯುತ್ತದೆ. ಇದನ್ನು ಬಿಟ್ಟಿ ಭಾಗ್ಯವೆಂದು ಹಳಿಯುವ ಮಹನೀಯರಿದ್ದಾರೆ. ಇಪ್ಪತ್ತು ವರ್ಷ ಒಲೆಯ ಮುಂದೆ ಕೂತ ಹೆಣ್ಣುಮಗಳು ತನ್ನ ರಾಜ್ಯದ ರಾಜಧಾನಿಯನ್ನು ಮೊದಲ ಸಲ ಕಣ್ಣಾರೆ ಕಂಡಳೆಂಬುದನ್ನು ಅವರು ಯಾವ ಖಾತೆಗೆ ಬರೆದುಕೊಳ್ಳುತ್ತಾರೋ ನಮಗೆ ತಿಳಿಯದು.

ಬಸ್ಸಿಳಿದ ಮೇಲೆ ಇಬ್ಬರೂ ಕಾಲ್ನಡಿಗೆಯವರೇ. ಮೆಟ್ರೋ ಇದೆ, ನಿಜ. 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿದರು. ಆಟೋದವನ ಮಾತು ಬೇಡ. ಅಲ್ಲದೆ ನೋಡತಕ್ಕ ಸ್ಥಳಗಳು ಅಷ್ಟೇನೂ ದೂರವಿಲ್ಲ. ಮೆಜೆಸ್ಟಿಕ್ಕಿನಿಂದ ಹಳೆಯ ಜೈಲು, ವಿಧಾನಸೌಧ, ಕಬ್ಬನ್ ಪಾರ್ಕು, ಕೆ.ಆರ್. ಮಾರ್ಕೆಟ್ಟು, ಕೊನೆಗೆ ಲಾಲ್‌ಬಾಗು ಎಂದು ಹೋದರೆ ಒಟ್ಟು ಹತ್ತು ಕಿಲೋಮೀಟರೂ ಆಗಲಾರದು. ದಿನಕ್ಕೆ ಎಂಟು ಗಂಟೆ ಯಂತ್ರದ ಮುಂದೆ ನಿಲ್ಲುವ ಕಾಲುಗಳಿಗೆ ಇದು ಯಾವ ಲೆಕ್ಕ! ಈ ಹತ್ತು ಕಿಲೋಮೀಟರಿನಲ್ಲಿ ದುಡಿಯುವ ಜನರಿಗಾಗಿ ನಗರವು ಏನು ಇಟ್ಟುಕೊಂಡಿದೆ ಎಂಬುದು ನಮ್ಮ ಪ್ರಶ್ನೆ.

ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಹೋಯಿತು, ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೂ ಹೋಯಿತು. ಇದಕ್ಕೆ ಸಮೀಪದಲ್ಲೇ ಇದ್ದದ್ದು ಸಾವಿರಾರು ಜನರಿಗೆ ಅನ್ನ ಕೊಟ್ಟ ಬಿನ್ನಿ ಗಿರಣಿ. ಅದರ ನೆಲದಲ್ಲಿ ಈಗ ಬಹುಮಹಡಿ ಮನೆಗಳೆದ್ದಿವೆ. ಮಾಗಡಿ ರಸ್ತೆಯೆಂದರೆ ಒಂದು ಕಾಲಕ್ಕೆ ಪಾಳಿ ಮುಗಿಸಿ ಬರುವ ಗಿರಣಿ ಕಾರ್ಮಿಕರ ರಸ್ತೆ. ಅದೇ ಮಾಗಡಿ ರಸ್ತೆಯ ಮಾಲೊಂದರಲ್ಲಿ, 2024ರ ಜುಲೈಯಲ್ಲಿ, ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಬಾಗಿಲಲ್ಲೇ ತಡೆದರು. ಅದೇ ವರ್ಷದ ಫೆಬ್ರವರಿಯಲ್ಲಿ, ತಲೆಯ ಮೇಲೆ ಗಂಟು ಹೊತ್ತು ಬಂದ ಇನ್ನೊಬ್ಬ ರೈತನಿಗೆ ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ, ಬಟ್ಟೆ ಕೊಳೆಯೆಂದು ಹೇಳಿ, ಟಿಕೇಟಿದ್ದರೂ ಒಳಗೆ ಬಿಡಲಿಲ್ಲ. ಕೂಗೆದ್ದ ಮೇಲೆ ಮಾಲಿಗೆ ಏಳು ದಿನ ಬೀಗ ಬಿತ್ತು, ಮೆಟ್ರೋದ ಮೇಲ್ವಿಚಾರಕನ ಕೆಲಸ ಹೋಯಿತು. ಪಂಚೆಯುಟ್ಟವನನ್ನು ತಡೆದ ಪಹರೆಯವನೂ ಬಹುಶಃ ಪಂಚೆಯುಡುವ ಅಪ್ಪನ ಮಗನೇ ಇದ್ದಾನು. ಅವನ ಕೈಯಿಂದ ಈ ಕೆಲಸ ಮಾಡಿಸುವ ಕಟ್ಟಳೆ ಯಾರದೆಂದು ಯಾರೂ ಕೇಳಲಿಲ್ಲ. ಒಬ್ಬ ನೌಕರನ ಅನ್ನ ಕಿತ್ತರೆ ನ್ಯಾಯ ಸಿಕ್ಕಿತೆಂದು ನಾವು ನಂಬಲಾರೆವು.

ಮಾಲಿಗೆ ಅವರು ಹೋಗಬೇಕೇಕೆ ಎಂದು ಕೆಲವರು ಕೇಳಿದರು. ಅಲ್ಲಿ ನೆರಳಿದೆ, ಕೂರಲು ಜಾಗವಿದೆ, ಹೆಂಗಸರಿಗೆ ಶುಚಿಯಾದ ಶೌಚಾಲಯವಿದೆ. ನಗರಸಭೆ ಬೀದಿಯಲ್ಲಿ ಕೊಡಬೇಕಾಗಿದ್ದನ್ನು ಸಾಹುಕಾರನು ತನ್ನ ಗೋಡೆಯೊಳಗೆ ಇಟ್ಟುಕೊಂಡಿದ್ದಾನೆ. ಬಾಗಿಲಲ್ಲಿ ಬಟ್ಟೆ ನೋಡುವುದು ಅದರ ಬೆಲೆ.

ಹಳೆಯ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕು. ನಮ್ಮ ಓದುಗರು ಇಲ್ಲಿ ಹತ್ತು ನಿಮಿಷ ನಿಲ್ಲಬೇಕು. ತುರ್ತುಪರಿಸ್ಥಿತಿಯಲ್ಲಿ ಸಮಾಜವಾದಿ ಸಂಗಾತಿ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಇಟ್ಟದ್ದು ಈ ಜೈಲಿನಲ್ಲಿ. ಉಬ್ಬಸದಿಂದ ನರಳಿ, ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಜೈಲು ಒಡೆದು ಉದ್ಯಾನ ಮಾಡಿದ್ದು ಒಳ್ಳೆಯದೇ. ಆದರೆ 2021ರ ಆದೇಶವೊಂದರಿಂದ ಬೆಂಗಳೂರಿನ ಧರಣಿ, ಪ್ರತಿಭಟನೆಗಳನ್ನು ಇದೇ ಆವರಣದೊಳಕ್ಕೆ ಸೇರಿಸಿದರು. ನಡೆಯುವವರ ಪೈಕಿ ಸರ್ಕಾರವು ಅತಿಯಾಗಿ ಹೆದರುವುದು ಗುಂಪಾಗಿ ನಡೆಯುವವರಿಗೆ!

ಇನ್ನು ವಿಧಾನಸೌಧ. 1951ರಲ್ಲಿ ನೆಹರೂ ಅಡಿಗಲ್ಲಿಟ್ಟರು. ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದರು. 1956ರಲ್ಲಿ ಮುಗಿಯಿತು. ಕಲ್ಲುಕುಟಿಗರು, ಕೂಲಿಗಳು, ಜೈಲಿನ ಕೈದಿಗಳು ಅದಕ್ಕಾಗಿ ದುಡಿದರು. ಸರ್ಕಾರದ ಕೆಲಸ ದೇವರ ಕೆಲಸವೆಂದು ಅದರ ಹಣೆಯ ಮೇಲೆ ಕೆತ್ತಿದ್ದಾರೆ. ಗೇಣಿದಾರರ ಪರವಾಗಿ ಶಾಂತವೇರಿ ಗೋಪಾಲಗೌಡರು ಗುಡುಗಿದ್ದು ಈ ಕಟ್ಟಡದೊಳಗೆ. ಊರಿಂದ ಬಂದ ದಂಪತಿಗಳು ಇದನ್ನು ನೋಡುವುದು ಕಬ್ಬಿಣದ ಬೇಲಿಯ ಈಚೆ ನಿಂತು. ರಸ್ತೆಯಂಚಿನಲ್ಲಿ, ಓಡುವ ವಾಹನಗಳಿಗೆ ಬೆನ್ನು ಕೊಟ್ಟು, ಫೋಟೋ ಹೊಡೆಸಿಕೊಳ್ಳುತ್ತಾರೆ. 2025ರ ಜೂನ್‌ನಿಂದ ರಜಾದಿನಗಳಲ್ಲಿ ಒಳಗೆ ತೋರಿಸುವ ಏರ್ಪಾಡಾಯಿತು. ನಮಗೂ ಸಂತೋಷವೇ. ಆದರೆ ದೊಡ್ಡವರಿಗೆ ತಲಾ 50 ರೂಪಾಯಿ ಟಿಕೇಟು, ಅದನ್ನೂ ಮುಂಚೆಯೇ ಆನ್‌ಲೈನಿನಲ್ಲಿ ಕೊಳ್ಳಬೇಕು. ಮನೆ ಕಟ್ಟಲು ತೆರಿಗೆ ತೆತ್ತವನು ಮನೆ ನೋಡಲು ಟಿಕೇಟು ತೆಗೆಯಬೇಕೆಂಬುದು ಯಾವ ಸೀಮೆಯ ನ್ಯಾಯ? ಬೆಂಕಿಪೊಟ್ಟಣ ಕೊಂಡವನೂ ತೆರಿಗೆ ಕೊಡುವ ದೇಶವಿದು. ಟಿಕೇಟಿನಿಂದ ಬರುವ ಹಣದಿಂದ ಸರ್ಕಾರದ ಬೊಕ್ಕಸ ತುಂಬುವಂತಿದ್ದರೆ ಆ ಬೊಕ್ಕಸದ ಗತಿಯನ್ನೇ ಮೊದಲು ಚರ್ಚಿಸಬೇಕಾದೀತು.

ರಸ್ತೆ ದಾಟಿದರೆ ಅಠಾರಾ ಕಚೇರಿ, ಅದರ ಹಿಂದೆ ಕಬ್ಬನ್ ಪಾರ್ಕು. 1870ರಲ್ಲಿ ಬ್ರಿಟಿಷ್ ಅಧಿಕಾರಿಗಳು ತಮ್ಮ ಗಾಳಿ ಸವಾರಿಗಾಗಿ ಮಾಡಿಕೊಂಡದ್ದು ಇಂದು ಯಾರೂ ಕಾಸು ಕೊಡದೆ ಕೂರಬಹುದಾದ ದೊಡ್ಡ ನೆರಳು. ಅಲ್ಲೇ 1915ರ ಕೆಂಪು ಕಟ್ಟಡದಲ್ಲಿ ಸಾರ್ವಜನಿಕ ಗ್ರಂಥಾಲಯವಿದೆ. ನಮ್ಮ ದಂಪತಿಗಳ ಇಡೀ ದಿನದಲ್ಲಿ ನೆಮ್ಮದಿಯೆಂದು ಹೇಳುವಂಥ ಒಂದು ಗಂಟೆ ಸಿಕ್ಕುವುದಾದರೆ ಅದು ಇಲ್ಲಿ, ಮರದ ಬುಡದಲ್ಲಿ.

ಆದರೆ ಹೆಂಡತಿ ಬೆಳಗಿನಿಂದ ನೀರು ಕುಡಿದಿರುವುದಿಲ್ಲ. ಬಾಯಾರಿಕೆಯಿಲ್ಲವೆಂದಲ್ಲ, ಕುಡಿದರೆ ಎಲ್ಲಿಗೆ ಹೋಗುವುದೆಂಬ ಅಂಜಿಕೆ. ಗಂಡಸಿಗೆ ಗೋಡೆಯ ಮರೆ ಸಾಕು. ಹೆಂಗಸಿಗೆ ಮೆಜೆಸ್ಟಿಕ್ ಬಿಟ್ಟರೆ ಮುಂದಿನದು ಎಲ್ಲಿ ಎಂದು ಹೇಳುವವರಿಲ್ಲ. ಇದ್ದರೂ ಬೀಗ ಹಾಕಿದೆಯೋ, ನೀರು ನಿಂತಿದೆಯೋ, ಹೋಗಿ ನೋಡಿದರೇ ಗೊತ್ತು. ಹೆಂಗಸರ ಪಾಯಿಖಾನೆಯ ಪ್ರಶ್ನೆಯನ್ನು ಲೋಹಿಯಾ ರಾಜಕೀಯದ ಪ್ರಶ್ನೆಯೆಂದೇ ಎತ್ತಿದಾಗ ದೊಡ್ಡ ಮನುಷ್ಯರು ಮೂಗು ಮುರಿದಿದ್ದರು. ಅವರು ತೀರಿಕೊಂಡದ್ದು 1967ರಲ್ಲಿ. ಬಾಯಾರಿಕೆಯನ್ನು ನುಂಗಿಕೊಂಡು ಊರು ನೋಡುವ ಹೆಣ್ಣುಮಗಳು ಇಂದಿಗೂ ಆ ಪ್ರಶ್ನೆಯನ್ನು ಹೊತ್ತು ತಿರುಗುತ್ತಿದ್ದಾಳೆ.

ಪಾರ್ಕಿನಿಂದ ಮಾರ್ಕೆಟ್ಟಿನ ಕಡೆಗೆ ಹೊರಟರೆ ಫುಟ್‌ಪಾತಿನ ಪುರಾಣ ಆರಂಭ. ಬೆಂಗಳೂರಿನ ಅಧಿಕಾರಿಗಳಿಗೆ ಫುಟ್‌ಪಾತ್ ಮಾಡಲು ಬರುವುದಿಲ್ಲವೆಂದು ಯಾರೂ ತಿಳಿಯಬೇಡಿ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಚರ್ಚ್ ಸ್ಟ್ರೀಟ್‌ಗಳಲ್ಲಿ ಅಗಲವಾದ, ಒಪ್ಪವಾದ ಕಾಲುಹಾದಿ ಮಾಡಿದ್ದಾರೆ. ದೊಡ್ಡ ಕಚೇರಿ, ದೊಡ್ಡ ಹೋಟೆಲುಗಳ ಮುಂದೆ ಬರುವ ಜಾಣ್ಮೆ ಮಾರ್ಕೆಟ್ಟು, ಕಲಾಸಿಪಾಳ್ಯಗಳ ಹತ್ತಿರ ಬಂದಾಗ ಮಾಯವಾಗುತ್ತದೆ. ಗಂಟು, ಬುಟ್ಟಿ ಹೊತ್ತು ಹೆಚ್ಚು ಜನ ನಡೆಯುವುದು ಅಲ್ಲೇ. ಒಂದು ಕಡೆ ಎದ್ದ ಚಪ್ಪಡಿ, ಇನ್ನೊಂದು ಕಡೆ ತೆರೆದ ಚರಂಡಿ, ಅದರಾಚೆ ಸಾಲಾಗಿ ನಿಲ್ಲಿಸಿದ ಮೋಟಾರು. 2025ರ ಮೇಯಲ್ಲಿ ಸುಪ್ರೀಂ ಕೋರ್ಟು ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೆಯ ವಿಧಿಯೊಳಗಿನ ಹಕ್ಕೆಂದು ಸಾರಿತು. ತೀರ್ಪು ಒಳ್ಳೆಯದು. ನಮ್ಮ ಭಯ ಒಂದೇ: ಅಡೆತಡೆ ಎಂದೊಡನೆ ಅಧಿಕಾರಿಗಳ ಕಣ್ಣು ಹೂ ಮಾರುವವಳ ಬುಟ್ಟಿಯ ಮೇಲೆ ಬೀಳುತ್ತದೆ, ಕಾರಿನ ಮೇಲೆ ಬೀಳುವುದಿಲ್ಲ.

ಸಣ್ಣ ವ್ಯಾಪಾರಿ ಬಂಧುಗಳು ಇದನ್ನು ಯೋಚಿಸಬೇಕು. ಮೊಳ ಮಲ್ಲಿಗೆ, ಎರಡು ಲೋಟ ಚಹಾ, ಮಕ್ಕಳಿಗೊಂದು ಆಟದ ಸಾಮಾನು, ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡಿ ಒಂದು ಸೀರೆ. ನಡೆಯುವ ದಂಪತಿಗಳ ದುಡ್ಡು ಹೋಗುವುದು ಸಣ್ಣವನ ಗಲ್ಲಾಪೆಟ್ಟಿಗೆಗೆ. ಕಾರಿನವನ ದುಡ್ಡು ಕಾರು ನಿಲ್ಲಿಸಲು ಜಾಗವಿರುವ ಕಡೆ ಹೋಗುತ್ತದೆ. ಪಾದಚಾರಿ ಮತ್ತು ಬೀದಿ ವ್ಯಾಪಾರಿ ಒಂದೇ ಹಗ್ಗದ ಎರಡು ಎಳೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಮೊದಲು ಸಮೀಕ್ಷೆಯಾಗಬೇಕು, ಅಲ್ಲಿಯವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಇಬ್ಬರಿಗೂ ಜಾಗ ಗುರುತಿಸಿ ಕೊಡುವುದು ಕಷ್ಟವೇನಲ್ಲ. ನಿಂತ ಮೋಟಾರನ್ನು ತೆಗೆಸುವ ಧೈರ್ಯ ಬೇಕು.

ಸಂಜೆಗೆ ಲಾಲ್‌ಬಾಗು. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ, ಈಗ 240 ಎಕರೆ. 1889ರ ಗಾಜಿನ ಮನೆ, ಅದರಾಚೆ ಮುನ್ನೂರು ಕೋಟಿ ವರ್ಷ ಹಳೆಯದೆನ್ನುವ ಬಂಡೆ. ಬಂಡೆಯ ಮೇಲೆ ಕೂತು ಊರಿಡೀ ನೋಡಬಹುದು, ನೋಯುವ ಕಾಲುಗಳನ್ನು ಚಾಚಬಹುದು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಕಾರುಗಳಿಗಾಗಿ ನೆಲದಡಿ ಸುರಂಗ ಕೊರೆಯುವ ಯೋಜನೆ ಹೊರಬಂತು. ಸುಮಾರು 16.7 ಕಿಲೋಮೀಟರು, 17 ಸಾವಿರ ಕೋಟಿಗೂ ಮೀರಿದ ಅಂದಾಜು. ಲಾಲ್‌ಬಾಗಿನ ನೆಲಕ್ಕೂ ಕೈ ಹಾಕುತ್ತಾರೆಂದು ತಿಳಿದು ಜನ ಪ್ರತಿಭಟಿಸಿದರು. 1963ರಲ್ಲಿ ಲೋಹಿಯಾ ಲೋಕಸಭೆಯಲ್ಲಿ ಮೂರಾಣೆಯ ಲೆಕ್ಕ ಹೇಳಿದಂತೆ ನಾವೂ ಒಂದು ಲೆಕ್ಕ ಹೇಳುತ್ತೇವೆ: ಈ ಸುರಂಗದ ಒಂದು ಮೀಟರಿಗೆ ಕೋಟಿ ರೂಪಾಯಿಯ ಮೇಲಾಗುತ್ತದೆ. ಮನುಷ್ಯನ ಒಂದು ಹೆಜ್ಜೆಯಷ್ಟು ಉದ್ದಕ್ಕೆ ಮುಕ್ಕಾಲು ಕೋಟಿ. ಆ ಒಂದು ಹೆಜ್ಜೆಯ ಹಣದಲ್ಲಿ ಮೆಜೆಸ್ಟಿಕ್ಕಿನಿಂದ ಲಾಲ್‌ಬಾಗಿನವರೆಗಿನ ದಾರಿಯಲ್ಲಿ ಎಷ್ಟು ನಲ್ಲಿ, ಎಷ್ಟು ಕಲ್ಲುಬೆಂಚು, ಎಷ್ಟು ಶೌಚಾಲಯವಾದೀತೆಂದು ಓದುಗರೇ ಗುಣಿಸಿಕೊಳ್ಳಲಿ.

ಕೇಳುವವರಾದರೂ ಯಾರು? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ಇಲ್ಲದೆ ಅಧಿಕಾರಿಗಳು ಆಳಿದರು. 2025ರಲ್ಲಿ ಪಾಲಿಕೆಯನ್ನು ಐದು ತುಂಡು ಮಾಡಿದರು. ಬೆಂಗಳೂರು ಅಲ್ಲಿಯವರ ಊರು ಮಾತ್ರವಲ್ಲ, ನಮ್ಮ ತೆರಿಗೆಯೂ ಹೋಗುವ ರಾಜಧಾನಿ. ಆದ್ದರಿಂದ ನಮ್ಮ ಜಿಲ್ಲೆಯ ಶಾಸಕರು ಊರಿಗೆ ಬಂದಾಗ ಅವರನ್ನು ಬರಿದೇ ಹಾರ ಹಾಕಿ ಕಳಿಸಬೇಡಿ. ವಿಧಾನಸೌಧದ ಟಿಕೇಟು ರದ್ದಾಗಬೇಕೆಂದೂ, ಬಸ್ ನಿಲ್ದಾಣದಿಂದ ಲಾಲ್‌ಬಾಗಿನವರೆಗೆ ಹೆಂಗಸರಿಗೆ ಎರಡು ಫರ್ಲಾಂಗಿಗೊಂದು ಶೌಚಾಲಯ ಬೇಕೆಂದೂ ಸದನದಲ್ಲಿ ಕೇಳುವಿರಾ ಎಂದು ಪ್ರಶ್ನಿಸಿ. ಅವರು ಕೊಟ್ಟ ಉತ್ತರವನ್ನು ಬರೆದು ಕಳಿಸಿದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.