ನೀರು ಬಂದಿದೆಯೋ, ಬಂದಾವೋ?

ನಮ್ಮ ವಸತಿಗೃಹದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಹುಡುಗಿಯರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ನಳದಲ್ಲಿ ಸಪ್ಪಳವಾಯಿತೆಂದರೆ “ನೀರ ಬಂದಾವ!” ಎಂಬ ಕೂಗು ಏಳುವದು. ಹಾಲಾದರೆ “ಕಾದಾವ”, ಊರಿಂದ ಹಣ ತಲುಪಿದರೆ “ರೊಕ್ಕ ಬಂದಾವ”. ನೀರು, ಹಾಲುಗಳು ಎಣಿಸತಕ್ಕ ವಸ್ತುಗಳಲ್ಲ, ಅಳೆಯತಕ್ಕವು. ಇಂಥ ರಾಶಿವಾಚಕಗಳಿಗೆ ಗ್ರಂಥಭಾಷೆಯು ಏಕವಚನದ ಕ್ರಿಯಾಪದವನ್ನು ಕೊಡುತ್ತದೆ: ನೀರು ಬಂದಿದೆ, ಹಾಲು ಕಾದಿದೆ. ಈ ಸೀಮೆಯ ಬಾಯಲ್ಲಿ ಅವು ಬಹುವಚನ. ತೆಲುಗು ನಾಡು ನಮಗೆ ದೂರವಲ್ಲ. ಅಲ್ಲಿಯೂ ನೀಳ್ಳು, ಪಾಲು ಎಂಬವು ಬಹುವಚನಗಳೇ.

ಕಳೆದ ವರ್ಷ ಎಂಟನೆಯ ತರಗತಿಯ ಒಬ್ಬ ಬಾಲಿಕೆಯು ಗೋಡೆಪತ್ರಿಕೆಗಾಗಿ ತನ್ನೂರಿನ ಬೇಸಿಗೆಯನ್ನು ಕುರಿತು ಪ್ರಬಂಧ ಬರೆದಳು. ನಾಲ್ಕು ದಿನದ ಮೇಲೆ ನೀರು ಬಂದಾಗ ಅವಳ ಅಜ್ಜಿಯು ಮನೆಮನೆಗೂ ಹೋಗಿ “ನೀರ ಬಂದಾವ” ಎಂದು ಕೂಗಿದ ಸಂಗತಿ ಅದರಲ್ಲಿತ್ತು. ಗಣಕಯಂತ್ರದಲ್ಲಿ ಅಚ್ಚಿಸುವಾಗ “ಬಂದಾವ” ಎಂಬುದರ ಕೆಳಗೆ ಕೆಂಪು ಗೆರೆ ಬಿದ್ದಿತು. ಹುಡುಗಿ ಅಂಜಿ, ಅಜ್ಜಿಯನ್ನೇ ಅಳಿಸಿಹಾಕಿದಳು. ಕೈಬರಹದ ಪ್ರತಿಯನ್ನು ಮೊದಲೇ ಓದಿದ್ದರಿಂದ ನಮಗೆ ಇದು ತಿಳಿಯಿತು. ಮುಂದಿನ ಸಾಲಿನಲ್ಲಿ ಕೈತಪ್ಪಿ “ಅಕ್ಕ ಓಡಿ ಬಂದನು” ಎಂದಾಗಿತ್ತು. ಅದಕ್ಕೆ ಗೆರೆಯೇ ಇಲ್ಲ!

ಇದರಲ್ಲಿ ಆಶ್ಚರ್ಯವಿಲ್ಲ. ಕಾಗುಣಿತ ತಿದ್ದುವ ತಂತ್ರಾಂಶವು ತನ್ನ ಪಟ್ಟಿಯಲ್ಲಿರುವ ಶಬ್ದಗಳೊಡನೆ ಒಂದೊಂದೇ ಶಬ್ದವನ್ನು ಹೋಲಿಸುವದು. “ಬಂದನು” ಪಟ್ಟಿಯಲ್ಲುಂಟು, ಬಂದವಳು ಅಕ್ಕನೆಂಬುದು ಅದಕ್ಕೆ ಬೇಕಿಲ್ಲ. ಕರ್ತೃ ಕ್ರಿಯೆಗಳ ಹೊಂದಿಕೆಯನ್ನು ನೋಡತಕ್ಕ ಯಂತ್ರವನ್ನೇ ತಂದರೂ ಕನ್ನಡದಲ್ಲಿ ಅದರ ಪಾಡು ಸುಲಭವಲ್ಲ. “ಐದು ಎತ್ತು ಬಂದವು” ಎಂಬಲ್ಲಿ ಎತ್ತಿಗೆ ಬಹುವಚನದ ಪ್ರತ್ಯಯವಿಲ್ಲ, ಆದರೂ ವಾಕ್ಯ ಶುದ್ಧ. “ಜನ ಸೇರಿತು”, “ಜನ ಹೊರಟರು” ಎರಡೂ ಶುದ್ಧ.

ನಮ್ಮ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಹುಟ್ಟಿದ ಕವಿರಾಜಮಾರ್ಗವು, ದೇಸಿಗಳು ಬೇರೆಬೇರೆಯಾಗಿರುವದರಿಂದ ಕನ್ನಡಗಳ ದೋಷವನ್ನು ಇಷ್ಟೇ ಎಂದು ನಿಶ್ಚಯಿಸಹೊರಟರೆ ವಾಸುಕಿಗೂ ಬೇಸರವಾದೀತೆಂದು ಹೇಳಿದೆ. ವಾಸುಕಿಯೇ ಬೇಸತ್ತ ಕೆಲಸದಲ್ಲಿ ಯಂತ್ರಕ್ಕೆ ಮಾತ್ರ ಬೇಸರವಿಲ್ಲ; ನಮಗೆ ಅದೇ ಭಯ.

ಯಂತ್ರವನ್ನು ದೂರುವ ಮೊದಲು ನಮ್ಮ ತಪ್ಪನ್ನೂ ಒಪ್ಪಿಕೊಳ್ಳತಕ್ಕದ್ದು. ಹೊಸದಾಗಿ ಪಾಠ ಹೇಳುತ್ತಿದ್ದಾಗ ನಾವೂ ಇದೇ “ಬಂದಾವ”ಕ್ಕೆ ಕೆಂಪು ಮಸಿ ಹಚ್ಚಿ, “ನೀರು ಎಷ್ಟು ಮಂದಿ ಬಂದರಮ್ಮಾ?” ಎಂದು ಕೇಳಿದ್ದೆವು. ತರಗತಿ ನಕ್ಕಿತು. ಆ ಹುಡುಗಿ ಆ ವರ್ಷ ಮತ್ತೆ ಕೈ ಎತ್ತಲಿಲ್ಲ.

ಪ್ರಬಂಧದಲ್ಲಿ “ನೀರು ಬಂದಿದೆ” ಎಂದೇ ಬರೆಯಲಿ. ಹತ್ತನೆಯ ತರಗತಿಯ ಪರೀಕ್ಷೆಗೆ ಆ ರೂಢಿ ಬೇಕು. ಅಲ್ಲಿ ಗೆರೆ ಎಳೆಯಲು ಯಂತ್ರ ಜೊತೆಗಿರುವದಿಲ್ಲ. ಆದರೆ ಮನೆಯ ಮಾತನ್ನು ಅಜ್ಞಾನವೆನ್ನದೆ, ಇದು ಊರ ನಿಯಮ, ಇದು ಗ್ರಂಥದ ನಿಯಮ ಎಂದು ಎರಡನ್ನೂ ಹೇಳಿಕೊಡತಕ್ಕದ್ದು ಉಪಾಧ್ಯಾಯಿನಿಯ ಕೆಲಸ. ಗೆರೆ ಕಂಡಲ್ಲಿ ಹುಡುಗಿಯರು ಅಳಿಸದೆ ನಮ್ಮನ್ನು ಕೇಳಲಿ.

ಆ ಪ್ರಬಂಧದ ಅಕ್ಕನನ್ನು ಸ್ತ್ರೀಲಿಂಗಕ್ಕೆ ತಂದು, ಅಜ್ಜಿಯ ಕೂಗನ್ನು ಅವಳ ಬಾಯಲ್ಲೇ ಇದ್ದಂತೆ ಮರಳಿ ಸೇರಿಸಿ ಗೋಡೆಗೆ ಅಂಟಿಸಿದೆವು. ಕೆಂಪು ಗೆರೆಯು ಕಾಗದದ ಮೇಲೆ ಅಚ್ಚಾಗುವದಿಲ್ಲ.