ಅಟ್ಟದ ಮೇಲಿನ 80 ಜಿಬಿ

ದೀಪಾವಳಿಗೆ ಮನೆಗೆ ಹೋದಾಗ ಅಮ್ಮ ಅಟ್ಟ ಖಾಲಿ ಮಾಡಿಸ್ತಾ ಇದ್ದಳು. ಗೇಟಿನ ಮುಂದೆ ಗುಜರಿ ಗಾಡಿ ನಿಂತಿತ್ತು. ಕೆಟ್ಟ ಮಿಕ್ಸಿ, ಹಿಡಿ ಮುರಿದ ಕುಕ್ಕರ್, ನನ್ನ ಇಂಜಿನಿಯರಿಂಗ್ ಪುಸ್ತಕಗಳ ಪಕ್ಕದಲ್ಲಿ ನಮ್ಮ ಮನೆಯ ಮೊದಲ ಕಂಪ್ಯೂಟರನ್ನೂ ತಮ್ಮ ತಂದಿಟ್ಟಿದ್ದ. "ಮಾನಿಟರ್ ಸೇರಿ ಇನ್ನೂರೈವತ್ತು ಕೊಡ್ತೀನಮ್ಮಾ" ಅಂತ ಗುಜರಿಯವರು ರೇಟು ಹೇಳಿಯೂ ಆಗಿತ್ತು.

2005ರಲ್ಲಿ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಯಂತ್ರ ಅದು. ಪೆಂಟಿಯಂ 4, 256 ಎಂಬಿ ರ‍್ಯಾಮ್, 80 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಅಪ್ಪ ಮಾನಿಟರನ್ನು ತೊಡೆ ಮೇಲೆ ಇಟ್ಟುಕೊಂಡು ಆಟೋದಲ್ಲಿ ದಾಸರಹಳ್ಳಿಗೆ ತಂದಿದ್ದರು. ಪೀಣ್ಯದ ವರ್ಕ್‌ಶಾಪೊಂದರಲ್ಲಿ ಟರ್ನರ್ ಆಗಿದ್ದ ಅವರಿಗೆ ಅದು ಸಾಲದ ಬಾಬತ್ತು. ಸಾಲ ತೀರಿಸಿದ್ದು ಅಮ್ಮ. ಮನೆಯಲ್ಲೇ ಡಿಟಿಪಿ ಕೆಲಸ: ಮದುವೆ ಪತ್ರಿಕೆ, ಚೀಟಿ ಸಂಘದ ನೋಟಿಸು, ಭಜನಾ ಮಂಡಳಿಯ ಕರಪತ್ರ. ನಾನು, ತಮ್ಮ ಗೇಮ್ ಆಡೋಕೆ ಅಮ್ಮನ ಕೆಲಸ ಮುಗಿಯೋವರೆಗೂ ಕಾಯ್ತಾ ಕೂತಿರ್ತಿದ್ವಿ.

ಗುಜರಿಯವರು ಕ್ಯಾಬಿನೆಟ್ ಎತ್ತಿ ಗಾಡಿಗೆ ಹಾಕುವ ಹೊತ್ತಿಗೆ ಅಪ್ಪ ಒಳಗಿಂದ ಬಂದರು. "ಅದರಲ್ಲಿ ನಮ್ಮಪ್ಪನ ಫೋಟೋ ಇತ್ತಲ್ವೇನಮ್ಮಾ?"

ನಮ್ಮ ಮನೆಯ ಗೋಡೆಯಲ್ಲಿರೋ ತಾತನ ಫೋಟೋ ವೋಟರ್ ಐಡಿಯಿಂದ ದೊಡ್ಡದು ಮಾಡಿಸಿದ್ದು. ಹಾರ ಹಾಕಿದರೆ ಮುಖವೇ ಸರಿಯಾಗಿ ಕಾಣಲ್ಲ. 2008ರಲ್ಲಿ ಈ ಮನೆಯ ಗೃಹಪ್ರವೇಶಕ್ಕೆ ಅಪ್ಪನ ಸ್ನೇಹಿತರೊಬ್ಬರ ಡಿಜಿಟಲ್ ಕ್ಯಾಮೆರಾ ತಂದು ಒಂದಷ್ಟು ಫೋಟೋ ತೆಗೆದಿದ್ವಿ. ಪ್ರಿಂಟ್ ಹಾಕಿಸೋಣ ಹಾಕಿಸೋಣ ಅಂತ ವರ್ಷ ಕಳೀತು. 2009ರಲ್ಲಿ ವೈರಸ್ ಬಂದು, ಏರಿಯಾದ ಕಂಪ್ಯೂಟರ್ ಹುಡುಗನೊಬ್ಬ ಫಾರ್ಮ್ಯಾಟ್ ಮಾಡಿ ಹೊಸದಾಗಿ ಎಕ್ಸ್‌ಪಿ ಹಾಕಿಕೊಟ್ಟ. ಫೋಟೋ ಇದ್ದದ್ದು ಮೈ ಪಿಕ್ಚರ್ಸ್‌ನಲ್ಲಿ, ಅಂದರೆ ಸಿ ಡ್ರೈವ್‌ನಲ್ಲಿ. ಎಲ್ಲ ಹೋಯ್ತು. ಮಾರನೇ ವರ್ಷ ತಾತನೂ ಹೋದರು. ಆರ್ಕುಟ್‌ನಲ್ಲಿ ನನ್ನ ಕಸಿನ್ ಒಂದೆರಡು ಫೋಟೋ ಹಾಕಿದ್ದಳು; 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಕೂಡ ಬಾಗಿಲು ಹಾಕ್ತು.

"ಫಾರ್ಮ್ಯಾಟ್ ಆಗಿದೆ ಅಪ್ಪಾ, ಸಿಗೋದು ಕಷ್ಟ" ಅಂತ ಹೇಳಿದೆ. ಹೇಳ್ತಾ ಹೇಳ್ತಾನೇ ಸ್ಕ್ರೂಡ್ರೈವರ್ ಹುಡುಕ್ತಾ ಇದ್ದೆ. ಡಿಸ್ಕ್ ಬಿಚ್ಚಿಕೊಂಡದ್ದಕ್ಕೆ ಗುಜರಿಯವರು ಐವತ್ತು ರೂಪಾಯಿ ಕಡಿಮೆ ಕೊಟ್ಟರು.

ಸೋಮವಾರ ಬೆಳಿಗ್ಗೆ ಡಿಸ್ಕನ್ನು ಕಾಟನ್ ಟವೆಲ್‌ನಲ್ಲಿ ಸುತ್ತಿ ಊಟದ ಬ್ಯಾಗಿಗೆ ಹಾಕ್ಕೊಂಡೆ. ನನ್ನ ರೂಮು ಎಲೆಕ್ಟ್ರಾನಿಕ್ ಸಿಟಿಯಲ್ಲಿ. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾದ ಮೇಲೆ ದಾಸರಹಳ್ಳಿಯಲ್ಲಿ ಹತ್ತಿ, ಆರ್.ವಿ. ರೋಡಿನಲ್ಲಿ ಒಂದು ಸಲ ಬದಲಿಸಿದರೆ ಸಾಕು. ಸ್ಕ್ಯಾನರ್ ಹತ್ತಿರ ಸೆಕ್ಯುರಿಟಿ ಮೇಡಂ ಬ್ಯಾಗ್ ತೆಗೆಸಿದರು. "ಏನಮ್ಮ ಇದು, ಕಲ್ಲಿನ ಥರ ಇದೆ?" ಹಾರ್ಡ್ ಡಿಸ್ಕ್ ಅಂದೆ. "ಇಷ್ಟು ದಪ್ಪನಾ?" ಅಂದರು. ಅವರದ್ದೂ ತಪ್ಪಿಲ್ಲ. ಇವತ್ತು ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ ಇದರ ಎಷ್ಟೋ ಪಟ್ಟು ಹಿಡಿಸುತ್ತೆ.

ಹಳೆಯ ಡಿಸ್ಕಿನ ಹಿಂಭಾಗದಲ್ಲಿ 40 ಪಿನ್ನಿನ ಅಗಲ ಸಾಕೆಟ್ ಇರುತ್ತೆ. ಐಡಿಇ ಅಂತಾರೆ. ಇವತ್ತಿನ ಯಾವ ಲ್ಯಾಪ್‌ಟಾಪಿಗೂ ಅದು ನೇರವಾಗಿ ಹೊಂದಲ್ಲ. ಐಡಿಇಯಿಂದ ಯುಎಸ್‌ಬಿಗೆ ಬದಲಿಸೋ ಅಡಾಪ್ಟರ್ ಬೇಕು, ಜೊತೆಗೆ 12 ವೋಲ್ಟಿನ ಬೇರೆ ಪವರ್ ಬೇಕು. ಎರಡೂ ಸೇರಿದ ಒಂದು ಸೆಟ್ಟು ಎಸ್.ಪಿ. ರೋಡಿನಲ್ಲೇ ಸಿಕ್ತು. ಆಫೀಸ್ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ಬ್ಲಾಕ್. ಹಾಗಾಗಿ ಕಾಲೇಜಿನ ಕಾಲದ ನನ್ನ ಲ್ಯಾಪ್‌ಟಾಪಿಗೆ ಉಬುಂಟು ಹಾಕಿದೆ.

ಶುಕ್ರವಾರ ರಾತ್ರಿ ಸ್ವಿಚ್ ಹಾಕಿದಾಗ ನಿಜ ಹೇಳ್ತೀನಿ, ಕೈ ನಡುಗ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಣ್ಣಗೆ ಗುಂಯ್ ಅಂತ ತಿರುಗೋಕೆ ಶುರು. ನಿಮಿಷಕ್ಕೆ 7,200 ಸುತ್ತು, ಹದಿನಾಲ್ಕು ವರ್ಷ ಅಟ್ಟದ ಮೇಲೆ ಧೂಳು ತಿಂದ ಮೇಲೂ. ಆ ಸದ್ದು ಕೇಳಿದ್ದೇ ನನಗೆ ಹತ್ತನೇ ವಯಸ್ಸಿನ ನಮ್ಮ ಹಾಲ್ ನೆನಪಾಯ್ತು.

ಮೊದಲು ಮಾಡಿದ ಕೆಲಸ, ಫೈಲ್ ಒಂದನ್ನೂ ತೆರೆಯದೆ ಇಡೀ ಡಿಸ್ಕಿನ ನಕಲು ತೆಗೆದದ್ದು. ಡಿಡಿರೆಸ್ಕ್ಯೂ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಚೆನ್ನಾಗಿರೋ ಜಾಗಗಳನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ನಿಧಾನವಾಗಿ ವಾಪಸ್ ಬರುತ್ತೆ. ಹಳೇ ಡಿಸ್ಕ್ ಯಾವಾಗ ಕೈಕೊಡುತ್ತೋ ಗೊತ್ತಿಲ್ಲ. ಅದು ಉಸಿರಾಡ್ತಿರೋವಾಗಲೇ ಎಲ್ಲವನ್ನೂ ಬೇರೆ ಕಡೆ ಇಳಿಸಿಕೊಂಡುಬಿಡಬೇಕು. ಹುಡುಕಾಟವೆಲ್ಲ ನಕಲಿನ ಮೇಲೆ. ಬೆಳಗಾಗುವಷ್ಟರಲ್ಲಿ ನಕಲು ಸಿದ್ಧವಾಗಿತ್ತು.

ಫಾರ್ಮ್ಯಾಟ್ ಆದ ಡಿಸ್ಕಿನಿಂದ ಫೈಲ್ ಹೇಗೆ ಸಿಗುತ್ತೆ ಅಂತ ಅಪ್ಪನಿಗೆ ಫೋನಿನಲ್ಲಿ ಹೀಗೆ ವಿವರಿಸಿದೆ: ಡಿಲೀಟ್ ಅಥವಾ ಕ್ವಿಕ್ ಫಾರ್ಮ್ಯಾಟ್ ಅಂದ್ರೆ ಮನೆ ಮುಂದೆ 'ಟು ಲೆಟ್' ಬೋರ್ಡ್ ಹಾಕಿದ ಹಾಗೆ. ಹಳೇ ಬಾಡಿಗೆದಾರರ ಸಾಮಾನು ಇನ್ನೂ ಒಳಗೇ ಇರುತ್ತೆ. ಹೊಸಬರು ಬಂದು ತಮ್ಮ ಮಂಚ, ಬೀರು ಇಟ್ಟ ಜಾಗದಲ್ಲಿ ಮಾತ್ರ ಹಳೇದು ಹೋಗುತ್ತೆ. "ಹಂಗಾದ್ರೆ ನಮ್ಮಪ್ಪನ ರೂಮಿಗೆ ಯಾರೂ ಬಂದಿರಬಾರದು ಅನ್ನು" ಅಂದರು ಅಪ್ಪ.

ಹೆಸರಿನ ಪಟ್ಟಿ ಇಲ್ಲದಾಗ ಫೋಟೋರೆಕ್ ಅನ್ನೋ ಇನ್ನೊಂದು ಉಚಿತ ಸಾಫ್ಟ್‌ವೇರ್ ಬೇಕಾಗುತ್ತೆ. ಅದು ಡಿಸ್ಕನ್ನು ತುದಿಯಿಂದ ತುದಿಗೆ ಓದ್ತಾ ಗುರುತುಗಳನ್ನು ಹುಡುಕುತ್ತೆ. ಪ್ರತಿ ಜೆಪೆಗ್ ಫೋಟೋ 'ಎಫ್‌ಎಫ್ ಡಿ8 ಎಫ್‌ಎಫ್' ಅನ್ನೋ ಮೂರು ಬೈಟುಗಳಿಂದ ಶುರುವಾಗುತ್ತೆ. ಅದು ಸಿಕ್ಕಿದ ಕಡೆಯಿಂದ ಎತ್ತಿಕೊಳ್ಳುತ್ತೆ. ಫೋಲ್ಡರ್ ಇಲ್ಲ, ಹೆಸರಿಲ್ಲ. ಎಲ್ಲ ಫೈಲಿಗೂ ಬರೀ ನಂಬರು.

ಹಾಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಚಿತ್ರ ಬಂದವು. ಬಹುಪಾಲು ಬ್ರೌಸರ್ ಉಳಿಸಿಕೊಂಡಿದ್ದ ಕಸ: ವೆಬ್‌ಸೈಟ್ ಬಟನ್ನು, ಜಾಹೀರಾತು, ಕ್ರಿಕೆಟಿಗರ ಬೆರಳಗಲದ ಫೋಟೋ. ಶನಿವಾರ ಪೂರ್ತಿ ಚಿಕ್ಕ ಸೈಜಿನವನ್ನು ತೆಗೆದು ಹಾಕ್ತಾ ಹೋದೆ. ಸಂಜೆ ಹೊತ್ತಿಗೆ ಒಂದು ಬಾಳೆಕಂಬ ಕಾಣಿಸ್ತು. ನಮ್ಮ ಬಾಗಿಲು. ಮುಂದಿನದ್ದರಲ್ಲಿ ಹೊಸ್ತಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಾತ.

ಸಿಕ್ಕಿದ್ದು ನಾಲ್ಕು. ಮೂರರಲ್ಲಿ ಅವರು ಹಿಂದಿನ ಸಾಲಿನಲ್ಲಿದ್ದಾರೆ, ಅಲುಗಾಡಿದೆ. ನಾಲ್ಕನೆಯದರಲ್ಲಿ ಮಾತ್ರ ನೇರ ಕ್ಯಾಮೆರಾ ನೋಡ್ತಿದ್ದಾರೆ, ಬಾಯಲ್ಲಿ ಎಲೆಅಡಿಕೆ. ಆದರೆ ಆ ಫೋಟೋದ ಕೆಳಗಿನ ಅರ್ಧ ಪೂರ್ತಿ ಬೂದುಬಣ್ಣ. ಆ ಜಾಗಕ್ಕೆ ಹೊಸ ಬಾಡಿಗೆದಾರರು ಬಂದಿದ್ದರು. ಎದೆಯವರೆಗೆ ತಾತ, ಅಲ್ಲಿಂದ ಕೆಳಗೆ ಏನೂ ಇಲ್ಲ. ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ನೀಲಿ ಗೆರೆ ಬಂದು ತುಂಬಾ ಹೊತ್ತಾದ ಮೇಲೆ ಅಪ್ಪನ ಉತ್ತರ: "ಸಾಕು."

ಇಲ್ಲಿಗೆ ನಿಲ್ಲಿಸಿದ್ದರೆ ಈ ಅಂಕಣ ಸುಖಾಂತ್ಯವಾಗ್ತಿತ್ತು.

ಫೋಟೋಗಳ ಜೊತೆ ವರ್ಡ್ ಫೈಲುಗಳೂ ಬಂದಿದ್ದವು. ತೆರೆದರೆ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ, ಮೇಲೆ ಕೆಳಗೆ ಚುಕ್ಕಿ ಬಾಲ. ಆ ಕಾಲದ ಡಿಟಿಪಿ ಮಾಡಿದವರಿಗೆ ತಕ್ಷಣ ಗೊತ್ತಾಗುತ್ತೆ, ಇದು ನುಡಿ. ಕನ್ನಡ ಗಣಕ ಪರಿಷತ್ತಿನ ನುಡಿ ಆಗಲಿ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ ಆಗಲಿ, ಹಳೆಯ ಆವೃತ್ತಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ತಲಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗ ಇದ್ದರೂ ಅಚ್ಚಿನ ಕೆಲಸ ಎಷ್ಟೋ ವರ್ಷ ಹೀಗೇ ನಡೀತು. ಇಂಥ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸೋ ಪರಿವರ್ತಕಗಳು ಈಗ ಸಿಗುತ್ತವೆ. ಅರ್ಕಾವತ್ತು ಅಲ್ಲಲ್ಲಿ ಜಾರುತ್ತೆ, ಉಳಿದಂತೆ ಓದಬಹುದು.

ಮದುವೆ ಪತ್ರಿಕೆಗಳು ಬಂದವು. ರಾಜ್ಯೋತ್ಸವದ ಕರಪತ್ರ ಬಂತು. ಆಮೇಲೆ ಮದುವೆಗೂ ನೋಟಿಸಿಗೂ ಸಂಬಂಧವಿಲ್ಲದ ಆರು ಫೈಲು. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸೊಬ್ಬಳು ಬೆಳಗಿನ ಜಾವ ನಲ್ಲಿ ನೀರಿಗೆ ಕಾಯೋದರಿಂದ ಒಂದು ಶುರುವಾಗುತ್ತೆ. ಒಂದು ಪುಟ ಓದೋಷ್ಟರಲ್ಲಿ ಅರ್ಥವಾಯ್ತು, ಇವು ಕಥೆಗಳು. ಬರೆದದ್ದು ಅಮ್ಮ.

ಅಮ್ಮ ಕಥೆ ಬರೀತಿದ್ದಳು ಅನ್ನೋದೇ ನನಗೆ ಗೊತ್ತಿರಲಿಲ್ಲ. ಖುಷಿಗೆ ಕೂಡಲೇ ಫೋನ್ ಮಾಡಿದೆ. "ಅಮ್ಮಾ, ನಿನ್ನ ಕಥೆಗಳೆಲ್ಲ ಸಿಕ್ಕಿದ್ವು!"

ಆ ಕಡೆ ಮೌನ.

"ಅದನ್ನ ನಾನೇ ಡಿಲೀಟ್ ಮಾಡಿದ್ನಲ್ಲೇ" ಅಂದಳು.

ಫಾರ್ಮ್ಯಾಟ್‌ನಲ್ಲಿ ಹೋಗಿತ್ತು ಅಂದುಕೊಂಡಿದ್ದೆ ಅಂದೆ. "ಅಲ್ಲ. ಅದಾದ್ಮೇಲೆ ಬರೆದಿದ್ದು. ಅಳಿಸಿದ್ದೂ ನಾನೇ. ಎಷ್ಟು ಓದಿದೆ?" ಒಂದು ಪುಟ ಅಂದೆ. "ಮುಂದೆ ಓದಬೇಡ ಕಣೇ. ನಾನು ಬರ್ತೀನಿ."

ಭಾನುವಾರ ಒಬ್ಬಳೇ ಮೆಟ್ರೋದಲ್ಲಿ ಬಂದಳು. ನನ್ನ ಮಂಚದ ಮೇಲೆ ಕೂತು, ಕನ್ನಡಕ ಏರಿಸಿ, ಲ್ಯಾಪ್‌ಟಾಪಿನಲ್ಲಿ ಆರನ್ನೂ ಓದಿದಳು. ನಾನು ಟೀ ಮಾಡಿಕೊಟ್ಟು ಬಾಲ್ಕನಿಯಲ್ಲಿ ನಿಂತಿದ್ದೆ. ಆಮೇಲೆ ಕರೆದು ಹೇಳಿದಳು. ಐದು ಕಥೆ, ಪಕ್ಕದ ಬೀದಿಯಲ್ಲಿದ್ದ ಹೆಂಗಸರು ಅವಳ ಹತ್ತಿರ ಹೇಳಿಕೊಂಡ ಸಂಗತಿ. ಪತ್ರಿಕೆ ಟೈಪ್ ಮಾಡಿಸೋಕೆ ಬಂದವರು ಕೂತು ಮನೆ ಕಷ್ಟ ಹೇಳಿಕೊಂಡು ಹೋಗ್ತಿದ್ದರಂತೆ. "ಬರೆಯೋವಾಗ ಚೆನ್ನಾಗೇ ಅನ್ನಿಸ್ತು. ಆಮೇಲೆ ಅವರು ಎದುರಿಗೆ ಬಂದಾಗ ಮುಖ ನೋಡೋಕಾಗ್ಲಿಲ್ಲ. ನಂಬಿ ಹೇಳಿದ್ದು ಅವರು. ಅದಕ್ಕೇ ಅಳಿಸಿದೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಳೆದುಹೋದದ್ದು ಯಾವುದು, ಬೇಡ ಅಂತ ಬಿಸಾಕಿದ್ದು ಯಾವುದು ಅನ್ನೋ ವ್ಯತ್ಯಾಸ ಆ ಸಾಫ್ಟ್‌ವೇರಿಗೆ ಗೊತ್ತಿಲ್ಲ. ತಾತನ ಫೋಟೋವನ್ನೂ ಅಮ್ಮನ ಗುಟ್ಟನ್ನೂ ಒಂದೇ ಥರ ನಂಬರ್ ಹಾಕಿ ಕೊಟ್ಟಿತ್ತು. ತಿಳಿಯಬೇಕಿದ್ದದ್ದು ನನಗೆ. ವರ್ಡ್ ಫೈಲ್ ನೋಡಿದ ತಕ್ಷಣ, ತೆರೆಯೋ ಮೊದಲೇ, ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಆರನೇ ಕಥೆ ಅಮ್ಮನದ್ದೇ. ಅದನ್ನು ಇಟ್ಟುಕೊಳ್ತೀನಿ ಅಂದಳು. ಐದನ್ನು ಅಳಿಸು ಅಂದಳು. "ಈ ಸಲ ನಿಜವಾಗ್ಲೂ ಅಳಿಸು."

ಫೋಟೋ, ಪತ್ರಿಕೆ, ಆ ಒಂದು ಕಥೆ ಬೇರೆ ಕಡೆ ಎರಡು ಪ್ರತಿ ಮಾಡಿ, ಅಮ್ಮನ ಎದುರಿಗೇ ನಕಲಿನ ಮೇಲೂ ಹಳೇ ಡಿಸ್ಕಿನ ಮೇಲೂ ಮೊದಲಿಂದ ಕೊನೆಯವರೆಗೆ ಸೊನ್ನೆ ಬರೆಸಿದೆ. ಮನೆಯ ಪ್ರತಿ ಮೂಲೆಗೂ ಹೊಸ ಬಾಡಿಗೆದಾರರನ್ನು ತುಂಬಿದ ಹಾಗೆ. ಇಂಥ ಡಿಸ್ಕಿಗೆ ಒಂದು ಸುತ್ತು ಸಾಕು. ಮುಗಿಯೋವರೆಗೂ ಅಮ್ಮ ಅಲ್ಲೇ ಕೂತಿದ್ದಳು.

ನಿಮ್ಮ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ ನಾಲ್ಕು ಮಾತು.

ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ ಕೂಡಲೇ ಪವರ್ ತೆಗೆಯಿರಿ. ಒಳಗಿನ ಭಾಗ ಕೆಟ್ಟಿರಬಹುದು, ಮತ್ತೆ ಮತ್ತೆ ಆನ್ ಮಾಡಿದರೆ ಇರೋದೂ ಹೋಗುತ್ತೆ. ಫ್ರಿಜ್‌ನಲ್ಲಿಡೋ ಸಲಹೆ ಯಾರಾದ್ರೂ ಕೊಟ್ಟರೆ ಕೇಳಬೇಡಿ, ತೇವ ಕೂತು ಕೆಲಸ ಕೆಡುತ್ತೆ. ಅಷ್ಟು ಮುಖ್ಯವಾದದ್ದಿದ್ದರೆ ಡೇಟಾ ರಿಕವರಿಯವರ ಹತ್ತಿರ ಹೋಗಿ. 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ' ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಹುಡುಕಿದ ಫೈಲನ್ನು ಅದೇ ಡಿಸ್ಕಿಗೆ ಉಳಿಸಬೇಡಿ.

ಈಗಿನ ಎಸ್‌ಎಸ್‌ಡಿಗಳಲ್ಲಿ ಈ ಅದೃಷ್ಟ ಅಪರೂಪ. ಡಿಲೀಟ್ ಆದ ಜಾಗವನ್ನು ಟ್ರಿಮ್ ಅನ್ನೋ ವ್ಯವಸ್ಥೆ ತಾನೇ ಖಾಲಿ ಮಾಡಿಬಿಡುತ್ತೆ. ಅಲ್ಲಿ ಬ್ಯಾಕಪ್ ಒಂದೇ ದಾರಿ.

ಹಳೇ ಕಂಪ್ಯೂಟರ್ ಗುಜರಿಗೆ ಕೊಡೋ ಮುನ್ನ ಡಿಸ್ಕ್ ಬಿಚ್ಚಿಕೊಳ್ಳಿ, ಇಲ್ಲವೇ ಸೊನ್ನೆ ಬರೆಸಿ. ನಾನು ಒಂದು ವಾರಾಂತ್ಯದಲ್ಲಿ ಉಚಿತ ಸಾಫ್ಟ್‌ವೇರಿನಲ್ಲಿ ಮಾಡಿದ್ದನ್ನು ಯಾರು ಬೇಕಾದರೂ ಮಾಡಬಹುದು. ಉಳಿದದ್ದನ್ನು ಅನುಮತಿ ಇರೋ ಇ-ತ್ಯಾಜ್ಯ ಘಟಕಕ್ಕೆ ಕೊಡಿ. ನಮ್ಮ ತುಮಕೂರು ರಸ್ತೆಯಲ್ಲೇ, ಪೀಣ್ಯ ದಾಟಿ ದಾಬಸ್‌ಪೇಟೆಯಲ್ಲಿ, ಇ-ಪರಿಸರ ಅನ್ನೋ ಘಟಕ ಇದೆ.

ಮತ್ತೆ, ಮನೆಯವರೆಲ್ಲ ಬಳಸಿದ ಡಿಸ್ಕ್ ಆದರೆ ತೆರೆಯೋ ಮೊದಲು ಎಲ್ಲರನ್ನೂ ಒಂದು ಮಾತು ಕೇಳಿ.

ತಾತನ ಫೋಟೋ ಪ್ರಿಂಟ್ ಹಾಕಿಸೋಕೆ ಹೋದಾಗ ಸ್ಟುಡಿಯೋದವರು ಎಐನಲ್ಲಿ ಕೆಳಗಿನ ಅರ್ಧ ತುಂಬಿಕೊಡ್ತೀನಿ, ಪಂಚೆ ಶಲ್ಯ ಎಲ್ಲ ಬರುತ್ತೆ ಅಂದರು. ಅಪ್ಪ ಬೇಡ ಅಂದರು. ಎದೆಯವರೆಗೆ ಕತ್ತರಿಸಿ ಫ್ರೇಮ್ ಹಾಕಿಸಿದ್ದೇವೆ. ವೋಟರ್ ಐಡಿ ಫೋಟೋ ಬೀರುವಿನಲ್ಲಿದೆ.

ಈ ಅಂಕಣವನ್ನು ಅಮ್ಮ ಓದಿ, ಎರಡು ಸಾಲು ತೆಗೆಸಿ, ಕಳಿಸು ಅಂದ ಮೇಲೆ ಕಳಿಸಿದ್ದೇನೆ. ತನ್ನ ಆ ಒಂದು ಕಥೆಯನ್ನು ಫೋನಿನಲ್ಲಿ ಮತ್ತೆ ಟೈಪ್ ಮಾಡ್ತಿದ್ದಾಳೆ. ಫೋನಿನ ಕೀಬೋರ್ಡು ನುಡಿ ಥರ ಇಲ್ಲ, ಬೆರಳು ಎಡವುತ್ತೆ ಅಂತ ದಿನಾ ಬೈಗುಳ. ನಾನಿನ್ನೂ ಓದಿಲ್ಲ. ಮುಗಿದ ಮೇಲೆ ಕೊಡ್ತೀನಿ ಅಂದಿದ್ದಾಳೆ.