ಕಡಲು ದಾಟಿದರೂ ಎಲ್ಲೆ ಮರೆಯದಿರಲಿ

ಡಿಸೆಂಬರ್ ಕೊನೆಯ ವಾರದಲ್ಲಿ ಬಂಧುಬಳಗದೊಂದಿಗೆ ವಿದೇಶದ ಕಡಲತೀರಕ್ಕೆ ಹೊರಡುವುದು ಈಗ ಜೈನ ಕುಟುಂಬಗಳಲ್ಲಿಯೂ ಅಪರೂಪವಲ್ಲ. ಥಾಯ್ಲೆಂಡಿನ ಫುಕೆಟ್ ಅಂತಹ ಒಂದು ತಾಣ. ಅಣ್ಣತಮ್ಮಂದಿರ ಸಂಸಾರಗಳು, ಸೋದರತ್ತೆ, ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಕೂಡಿ ಅಲ್ಲಿಗೆ ಹೋದ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. 31ರ ರಾತ್ರಿ ಮರಳದಂಡೆಯಲ್ಲಿ ಸಂಗೀತ, ಬಾಣಬಿರುಸು, ನಡುರಾತ್ರಿಯ ಔತಣ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿದ ಅಜ್ಜಿ ಹೋಟೆಲಿನ ಕೋಣೆಯಲ್ಲಿ ಜಪಮಾಲೆ ಹಿಡಿದು ಒಬ್ಬರೇ ಕುಳಿತಿದ್ದಾರೆ. ರಾತ್ರಿಭೋಜನ ಬಿಟ್ಟ ಮೊಮ್ಮಗಳನ್ನು ದಂಡೆಯಲ್ಲಿದ್ದವರು ‘ಒಂದು ದಿನ ತಾನೇ, ಬಾ’ ಎಂದು ಕರೆಯುತ್ತಿದ್ದಾರೆ. ಅವಳು ಬಾಗಿಲ ಬಳಿ ನಿಂತಿದ್ದಾಳೆ.

ಈ ಇಕ್ಕಟ್ಟಿಗೆ ಸುಲಭದ ಉತ್ತರಗಳು ಎರಡಿವೆ. ಇಂತಹ ಪ್ರವಾಸವೇ ಧರ್ಮಬಾಹಿರ ಎಂಬುದು ಒಂದು. ಧರ್ಮವೇನಿದ್ದರೂ ಬಸದಿಯಲ್ಲಿ, ಮನೆಯಲ್ಲಿ. ರಜೆಯಲ್ಲಿ ಅದರ ಮಾತೇಕೆ ಎಂಬುದು ಇನ್ನೊಂದು. ಶ್ರಾವಕಾಚಾರ ಈ ಎರಡನ್ನೂ ಹೇಳುವುದಿಲ್ಲ. ಅದು ಗೃಹಸ್ಥನಿಗೆ ಹೋಗಬೇಡ ಎನ್ನದೆ, ಎಲ್ಲಿಯವರೆಗೆ ಹೋಗುವೆ ಎಂಬುದನ್ನು ಮೊದಲೇ ನಿಶ್ಚಯಿಸಿಕೋ ಎನ್ನುತ್ತದೆ. ಇದೇ ದಿಗ್ವ್ರತ. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ವ್ರತದ ಎಲ್ಲೆಗಳನ್ನು ಹೆಸರಿಸುವಾಗ ನದಿ, ಅಡವಿ, ಪರ್ವತ, ಜನಪದ, ಯೋಜನಗಳ ಜೊತೆಗೆ ಮಕರಾಕರವನ್ನು, ಎಂದರೆ ಸಮುದ್ರವನ್ನು, ಎಣಿಸುತ್ತಾರೆ. ಕಡಲು ಅಂದು ಕಣ್ಣಿಗೆ ಕಾಣುವ ಗಡಿ. ಇಂದು ಅದನ್ನು ವಿಮಾನ ಕೆಲವೇ ಗಂಟೆಗಳಲ್ಲಿ ದಾಟುತ್ತದೆ. ಹೊರಗಿನ ಗಡಿ ಅಳಿಸಿಹೋದಾಗ ಒಳಗಿನ ಗಡಿ ಇನ್ನಷ್ಟು ಸ್ಪಷ್ಟವಾಗಬೇಕು. ಎಲ್ಲೆಯನ್ನು ಈಗಾಗಲೇ ಸ್ವೀಕರಿಸಿದವರು ಅದನ್ನು ಹಿಗ್ಗಿಸುವಂತಿಲ್ಲ. ಸ್ವೀಕರಿಸದವರಿಗೆ ಪ್ರವಾಸದ ಸಿದ್ಧತೆಯೇ ಅದನ್ನು ಯೋಚಿಸುವ ಸಮಯ.

ದಿಗ್ವ್ರತದ ಅತಿಚಾರಗಳಲ್ಲಿ ಮೇಲೆ, ಕೆಳಗೆ, ಅಡ್ಡಲಾಗಿ ಎಲ್ಲೆ ಮೀರುವುದು ಹಾಗೂ ಕ್ಷೇತ್ರವನ್ನು ಹೆಚ್ಚಿಸಿಕೊಳ್ಳುವುದರ ಜೊತೆಗೆ ಎಲ್ಲೆಯನ್ನು ಮರೆಯುವುದೂ ಸೇರಿದೆ. ತತ್ತ್ವಾರ್ಥಸೂತ್ರ ಇದನ್ನು ಸ್ಮೃತ್ಯಂತರಾಧಾನ ಎನ್ನುತ್ತದೆ. ಮರೆವೂ ದೋಷವೇ ಎಂಬ ಈ ಎಚ್ಚರಿಕೆ ಇಂದಿನ ರಜೆಗೆ ನೇರವಾಗಿ ಅನ್ವಯಿಸುತ್ತದೆ. ‘ಎಲ್ಲವನ್ನೂ ಮರೆತು ಬನ್ನಿ’ ಎಂಬುದೇ ಪ್ರವಾಸದ ಜಾಹೀರಾತುಗಳ ಕರೆಯಲ್ಲವೇ? ಕೆಲಸದ ಚಿಂತೆಯನ್ನು ಮರೆಯುವುದು ವಿಶ್ರಾಂತಿ. ತಾನು ಯಾರೆಂಬುದನ್ನು ಮರೆಯುವುದು ಪ್ರಮಾದ.

ಅನರ್ಥದಂಡ ವ್ರತವೂ ಇಲ್ಲಿ ದಾರಿ ತೋರುತ್ತದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಕಲಕುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು, ವೃಥಾ ಅಲೆಯುವುದು, ಇತರರನ್ನೂ ಅಲೆಸುವುದು, ಇವೆಲ್ಲ ಪ್ರಮಾದಚರ್ಯೆ ಎಂದು ಸಮಂತಭದ್ರರು ಎಣಿಸುತ್ತಾರೆ. ವರ್ಷಕ್ಕೊಮ್ಮೆ ಒಡಹುಟ್ಟಿದವರು ಒಂದೆಡೆ ಸೇರುವುದು, ಮಕ್ಕಳಿಗೆ ಸೋದರಸಂಬಂಧಿಗಳ ಪರಿಚಯವಾಗುವುದು, ಹಿರಿಯರ ಜೊತೆ ನಾಲ್ಕು ದಿನ ಕಳೆಯುವುದು ನಿಷ್ಪ್ರಯೋಜಕವಲ್ಲ. ಆದರೆ ಬಾಣಬಿರುಸಿನ ಬೆಂಕಿ ಯಾವ ಪ್ರಯೋಜನಕ್ಕೆ? ಬೆಳಕಿಗೆ ಮುತ್ತುವ ಕೀಟಗಳಿಗೂ ಸದ್ದಿಗೆ ಬೆದರುವ ಹಕ್ಕಿಗಳಿಗೂ ಅದು ಹೊಸ ವರ್ಷವಲ್ಲ. ಒಟ್ಟಿಗಿರಲೆಂದೇ ಅಷ್ಟು ದೂರ ಹೋಗಿ ಅಜ್ಜಿಯನ್ನು ಕೋಣೆಯಲ್ಲಿ ಒಂಟಿಯಾಗಿ ಬಿಟ್ಟರೆ ಪ್ರವಾಸದ ಪ್ರಯೋಜನವೇ ಕೈಜಾರಿದಂತೆ.

‘ಒಂದು ದಿನ ತಾನೇ’ ಎಂಬ ಮಾತನ್ನೂ ಪರಿಶೀಲಿಸಬೇಕು. ಥಾಯ್ಲೆಂಡಿನ ಗಡಿಯಾರ ಭಾರತಕ್ಕಿಂತ ಒಂದೂವರೆ ಗಂಟೆ ಮುಂದಿದೆ. ಅಲ್ಲಿ ಹೊಸ ವರ್ಷ ಬಂದಾಗ ಊರಿನ ಮನೆಯಲ್ಲಿ ಇನ್ನೂ ರಾತ್ರಿ ಹತ್ತೂವರೆ. ಮಹಾವೀರಸ್ವಾಮಿಯ ನಿರ್ವಾಣದಿಂದ, ಎಂದರೆ ಕ್ರಿ.ಪೂ. 527ರಿಂದ, ಎಣಿಸುವ ವೀರನಿರ್ವಾಣ ಸಂವತ್ಸರವಂತೂ ದೀಪಾವಳಿಯ ಮರುದಿನವೇ ಬದಲಾಗಿರುತ್ತದೆ. ಗಂಟೆ, ದಿನ, ವರ್ಷಗಳೆಲ್ಲ ವ್ಯವಹಾರಕಾಲದ ಲೆಕ್ಕ. ಆಯುಷ್ಯಕರ್ಮ ಮಾತ್ರ ಯಾವ ಗಡಿಯಾರವನ್ನೂ ಕಾಯದೆ ಸಮಯಸಮಯಕ್ಕೂ ಸವೆಯುತ್ತಿರುತ್ತದೆ. ಕರ್ಮದ ಆಸ್ರವಕ್ಕೆ ರಜೆಯೆಂಬುದಿಲ್ಲ. ಆದ್ದರಿಂದ ವ್ರತಕ್ಕೂ ಒಂದು ದಿನದ ರಜೆ ಇರಲಾರದು.

ಹಾಗೆಂದು ಆ ಮೊಮ್ಮಗಳು ಬಂಧುಗಳ ಮುಂದೆ ಮುಖ ಗಂಟಿಕ್ಕಿಕೊಂಡು ಕೂರಬೇಕಿಲ್ಲ. ವ್ರತ ಇತರರನ್ನು ಹಳಿಯುವ ಆಯುಧವಾದರೆ ಅಲ್ಲಿ ಮಾನಕಷಾಯ ತಲೆಯೆತ್ತುತ್ತದೆ. ಪರಿಹಾರ ಇರುವುದು ಪೂರ್ವಸಿದ್ಧತೆಯಲ್ಲಿ. ಕುಟುಂಬದ ಔತಣವನ್ನು ನಡುರಾತ್ರಿಯಿಂದ ಸಂಜೆಗೆ ತರಬಹುದು. ಫುಕೆಟ್‌ನ ಪಶ್ಚಿಮ ದಂಡೆಯಲ್ಲಿ ಸೂರ್ಯ ಕಡಲಲ್ಲೇ ಮುಳುಗುತ್ತಾನೆ. ಅದಕ್ಕೆ ಮೊದಲು ಎಲ್ಲರೂ ಕೂಡಿ ಉಂಡರೆ ಅಜ್ಜಿಯೂ ಪಂಕ್ತಿಯಲ್ಲಿರುತ್ತಾರೆ. ಆಹಾರದ ಕೊರತೆಯ ನೆಪವೂ ನಿಲ್ಲದು. ಅದೇ ಫುಕೆಟ್‌ನಲ್ಲಿ ಚೀನೀ ಮೂಲದ ಜನ ಪ್ರತಿವರ್ಷ ಒಂಬತ್ತು ದಿನ ಮಾಂಸವನ್ನಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟು ಉತ್ಸವ ಆಚರಿಸುತ್ತಾರೆ. ಆ ಬಗೆಯ ಆಹಾರಕ್ಕೆ ಅಲ್ಲಿ ‘ಜೇ’ ಎಂಬ ಹೆಸರು. ಹಳದಿ ಬಾವುಟದ ಮೇಲಿನ ಕೆಂಪಕ್ಷರ ಅದರ ಗುರುತು. ಕಂದಮೂಲಗಳ ವಿಷಯವನ್ನು ಅಲ್ಲಿಯೂ ಕೇಳಿ ತಿಳಿಯಬೇಕು, ನಿಜ. ಆದರೆ ಪ್ರವಾಸಿಗರು ಎಲ್ಲೆ ಮರೆಯಲು ಹೋಗುವ ಊರಿನಲ್ಲಿಯೇ ಆ ಊರಿನವರು ಎಲ್ಲೆ ಹಾಕಿಕೊಂಡು ಹಬ್ಬ ಮಾಡುತ್ತಾರೆಂಬುದು ಯೋಚಿಸತಕ್ಕ ಸಂಗತಿ.

ರಾತ್ರಿ ಹನ್ನೆರಡಕ್ಕೆ ಅಜ್ಜಿಯ ಬಳಿ ಕುಳಿತು, ಕಳೆದ ವರ್ಷ ನೋಯಿಸಿದ ಜೀವಗಳನ್ನು ನೆನೆದು ಕ್ಷಮೆ ಕೇಳುವುದಕ್ಕೆ ಐದು ನಿಮಿಷ ಸಾಕು. ಪ್ರತಿಕ್ರಮಣವೆಂದರೆ ಎಲ್ಲೆ ಮೀರಿದವನು ಹಿಂತಿರುಗುವುದು. ತೀರ್ಥಂಕರರು ಸಂಸಾರಸಾಗರಕ್ಕೆ ತೀರ್ಥವನ್ನು, ಎಂದರೆ ದಾಟುವ ಕಡವನ್ನು, ಕಟ್ಟಿಕೊಟ್ಟವರು. ಅವರ ಅನುಯಾಯಿಗಳು ಯಾವ ದೇಶದ ದಡದಲ್ಲಿ ನಿಂತರೂ ದಾಟಬೇಕಾದ ಕಡಲು ಯಾವುದೆಂಬುದನ್ನು ಮರೆಯದಿದ್ದರೆ, ಆ ವರ್ಷ ನಿಜವಾಗಿ ಹೊಸದಾಗುತ್ತದೆ.